ಗೇರ್‌ಲೆಸ್ ಸ್ಕೂಟರಿನ ಎಡ ಮುಚ್ಚಳದೊಳಗೆ: 6 ವರ್ಷ, 42,000 ಕಿ.ಮೀ. ಬಳಕೆಯ ನಂತರ

ನನ್ನ 125 ಸಿಸಿ ಸ್ಕೂಟರಿಗೆ ಈಗ 6 ವರ್ಷ ತುಂಬಿದೆ. ಓಡಿರುವುದು ಸುಮಾರು 42,000 ಕಿ.ಮೀ. ಸೀಟು, ದೀಪ, ಬಣ್ಣಗಳ ಬಗ್ಗೆ ಕೊಂಡ ವಾರದಲ್ಲೇ ಬರೆದುಬಿಡಬಹುದು. ಎಡಗಡೆಯ ಉದ್ದನೆಯ ಮುಚ್ಚಳದೊಳಗಿರುವ ಬೆಲ್ಟ್ ಮತ್ತು ಕ್ಲಚ್‌ಗಳ ಗುಣದೋಷ ತಿಳಿಯಲು ಮಾತ್ರ ವರ್ಷಗಳೇ ಹಿಡಿದವು. ಹೀಗಾಗಿ ಈ ವಿಮರ್ಶೆ ಅವುಗಳಿಗಷ್ಟೇ ಮೀಸಲು.

‘ಗೇರ್‌ಲೆಸ್’ ಎಂಬ ಹೆಸರು ಅರ್ಧ ಸುಳ್ಳು, ಏಕೆಂದರೆ ಹಿಂದಿನ ಚಕ್ರದ ಬಳಿ ಎಣ್ಣೆಯಲ್ಲಿ ತಿರುಗುವ ಹಲ್ಲಿನ ಗೇರುಗಳು ಇದ್ದೇ ಇವೆ. ತಾನಾಗಿ ಬದಲಾಗುವುದು ಅದಕ್ಕೂ ಮುಂಚಿನ ಹಂತ. ಕ್ರ್ಯಾಂಕ್ ದಂಡದ ಮೇಲೊಂದು, ಹಿಂಬದಿಯಲ್ಲೊಂದು ಪುಲ್ಲಿ ಇದ್ದು, ಎರಡನ್ನೂ ಒಂದು ರಬ್ಬರ್ ಬೆಲ್ಟ್ ಸುತ್ತುವರಿದಿರುತ್ತದೆ. ಪ್ರತಿ ಪುಲ್ಲಿಯೂ ಎದುರುಬದುರಾದ ಎರಡು ಓರೆ ತಟ್ಟೆಗಳಿಂದಾಗಿದೆ. ತಟ್ಟೆಗಳು ಹತ್ತಿರವಾದರೆ ಬೆಲ್ಟ್ ಅಂಚಿನತ್ತ ಏರುತ್ತದೆ, ದೂರ ಸರಿದರೆ ನಡುವಿನತ್ತ ಇಳಿಯುತ್ತದೆ. ಮುಂದಿನ ಪುಲ್ಲಿಯೊಳಗೆ 6 ರೋಲರ್‌ಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಉರುಳಿ ಒಂದು ತಟ್ಟೆಯನ್ನು ಇನ್ನೊಂದರತ್ತ ಒತ್ತುತ್ತವೆ. ಬೆಲ್ಟಿನ ಉದ್ದ ಬದಲಾಗದ ಕಾರಣ, ಮುಂದೆ ಅದು ಏರಿದ ಹಾಗೆಲ್ಲ ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗ್‌ನ ಬಲವನ್ನು ಮೀರಿ ಒಳಕ್ಕಿಳಿಯಲೇಬೇಕು. ಡಚ್ಚರ ಡಾಫ್ ಕಂಪನಿ 1958ರಲ್ಲಿ ಪ್ರದರ್ಶಿಸಿದ ಪುಟ್ಟ ಕಾರಿನಲ್ಲಿಯೂ ಹೀಗೆ ಹಿಗ್ಗಿ ಕುಗ್ಗುವ ಪುಲ್ಲಿಗಳೇ ಇದ್ದವು.

ಈ ಏರ್ಪಾಟಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಹಿಂದಿನ ಪುಲ್ಲಿಯ ಓರೆ ಸೀಳುಗಳು. ಚಕ್ರದ ಮೇಲೆ ಹೊರೆ ಹೆಚ್ಚಿದಾಗ ಚಲಿಸುವ ತಟ್ಟೆಯು ಆ ಸೀಳುಗಳಗುಂಟ ತಿರುಚಿಕೊಂಡು ಮುಚ್ಚುತ್ತದೆ. ಬೆಲ್ಟ್ ಹಿಂದೆ ಮೇಲೇರಿ, ಗೇರ್ ಇಳಿಸಿದಂತೆಯೇ ಎಳೆಯುವ ಶಕ್ತಿ ಹೆಚ್ಚುತ್ತದೆ. ಹಿಂದೊಬ್ಬರನ್ನು ಕೂರಿಸಿಕೊಂಡು ಕಡಿದಾದ ಏರು ಹತ್ತುವಾಗ ವೇಗ ಏರದಿದ್ದರೂ ಎಂಜಿನ್ ಸದ್ದು ಏರುವುದು ಇದರಿಂದಲೇ. ಮೊದಲ ವರ್ಷ ಅದನ್ನು ದೋಷವೆಂದು ಭಾವಿಸಿ ಎರಡು ಬಾರಿ ಮೆಕ್ಯಾನಿಕ್ ಬಳಿಗೆ ಹೋಗಿ ಬಂದಿದ್ದೆ.

ನಿಜವಾದ ತೊಂದರೆ ಸದ್ದಿಲ್ಲದೆ ಬಂತು. 20,000 ಕಿ.ಮೀ. ದಾಟಿದ ಮೇಲೆ ನಿಂತಲ್ಲಿಂದ ಹೊರಡುವಾಗಿನ ಪಿಕಪ್ಪೂ ಕುಂದಿತು, ಗರಿಷ್ಠ ವೇಗವೂ ತಗ್ಗಿತು. ಎರಡೂ ಒಟ್ಟಿಗೆ ಕೆಟ್ಟದ್ದು ವಿಚಿತ್ರವೆನಿಸಿ ಎಂಜಿನ್ನನ್ನೇ ಶಂಕಿಸಿದ್ದೆ. ಮುಚ್ಚಳ ಬಿಚ್ಚಿ ನೋಡಿದರೆ ಬೆಲ್ಟಿನ ಪಕ್ಕಗಳು ಸವೆದು ಅದರ ಅಗಲ ಸುಮಾರು 1 ಮಿ.ಮೀ. ಕಡಿಮೆಯಾಗಿತ್ತು. ಇಷ್ಟು ಸಣ್ಣ ಅಂತರ ಇಷ್ಟೊಂದು ಕಾಡುವುದಕ್ಕೆ ಓರೆ ತಟ್ಟೆಗಳೇ ಕಾರಣ: ತೆಳುವಾದ ಬೆಲ್ಟ್ ಅವುಗಳ ನಡುವೆ ಹೆಚ್ಚು ಆಳಕ್ಕೆ ಕುಸಿಯುತ್ತದೆ. ಹೊರಡುವಾಗ ಹಿಂದಿನ ಪುಲ್ಲಿಯ ಅಂಚನ್ನು ಮುಟ್ಟಲಾರದು, ಪೂರ್ತಿ ವೇಗದಲ್ಲಿ ಮುಂದಿನ ಪುಲ್ಲಿಯ ಅಂಚನ್ನೂ ಮುಟ್ಟಲಾರದು. ರೋಲರ್‌ಗಳು ಕೂಡ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿದ್ದವು. ಎರಡನ್ನೂ ಬದಲಿಸಿದ ದಿನ ಹೊಸ ಗಾಡಿ ಓಡಿಸಿದಂತಾಯಿತು.

ಆ ಹುರುಪಿನಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ತಲಾ 2 ಗ್ರಾಂ ಹಗುರವಾದ ರೋಲರ್‌ಗಳನ್ನು ಹಾಕಿಸಿದಾಗ ಪಿಕಪ್ ಖಂಡಿತ ಚುರುಕಾಯಿತು. ಹಗುರವಾದ ರೋಲರ್‌ಗಳು ತಟ್ಟೆಯನ್ನು ಒತ್ತಬೇಕಾದರೆ ಎಂಜಿನ್ ಇನ್ನಷ್ಟು ಜೋರಾಗಿ ತಿರುಗಬೇಕು. ಆದರೆ ಸಮತಟ್ಟಾದ ರಸ್ತೆಯಲ್ಲಿಯೂ ಎಂಜಿನ್ ಗೊಣಗುತ್ತಲೇ ಇತ್ತು, ಮೈಲೇಜ್ ಇಳಿಯಿತು. ಮೂರೇ ತಿಂಗಳಲ್ಲಿ ಮೊದಲಿನ ತೂಕಕ್ಕೆ ಮರಳಿದೆ.

ಕ್ಲಚ್ ಹಾಳಾಗುವುದರಲ್ಲಿ ನನ್ನ ಪಾಲೇ ಹೆಚ್ಚು. ಹಿಂದಿನ ಪುಲ್ಲಿಯ ಜೊತೆ ತಿರುಗುವ ಕ್ಲಚ್ ಶೂಗಳು ನಿಗದಿತ ವೇಗ ಮೀರಿದಾಗ ಹೊರಕ್ಕೆ ಚಾಚಿ, ತಮ್ಮನ್ನು ಸುತ್ತುವರಿದ ಬಟ್ಟಲನ್ನು ಹಿಡಿಯುತ್ತವೆ. ಏರಿನಲ್ಲಿ ವಾಹನಗಳು ತೆವಳುವಾಗ ಬ್ರೇಕ್ ಬಿಟ್ಟು, ಎಕ್ಸಲರೇಟರ್‌ನಿಂದಲೇ ಗಾಡಿಯನ್ನು ಹಿಂದೆ ಜಾರದಂತೆ ನಿಲ್ಲಿಸಿಕೊಳ್ಳುವ ಅಭ್ಯಾಸ ನನಗಿತ್ತು. ಶೂಗಳು ಅರೆಹಿಡಿತದಲ್ಲಿ ಉಜ್ಜಿ ಉಜ್ಜಿ ಕಾದು ಗಾಜಿನಂತೆ ನುಣುಪಾದವು. ಹೊರಡುವಾಗಲೆಲ್ಲ ಗಾಡಿ ಗಡಗಡ ನಡುಗತೊಡಗಿತು. ಉಪ್ಪುಕಾಗದದಿಂದ ಉಜ್ಜಿಸಿದ್ದು ಕೆಲವು ತಿಂಗಳಿಗಷ್ಟೇ ಸಾಕಾಯಿತು, ಆಮೇಲೆ ಹೊಸ ಶೂಗಳನ್ನೇ ಹಾಕಿಸಬೇಕಾಯಿತು. ಈಗ ನಿಂತರೆ ಬ್ರೇಕ್ ಹಿಡಿದೇ ನಿಲ್ಲುತ್ತೇನೆ.

ಎಷ್ಟೇ ಜೋಪಾನ ಮಾಡಿದರೂ ಸರಿಹೋಗದ ಕೊರತೆಯೊಂದು ಇಳಿಜಾರಿನಲ್ಲಿದೆ. ಎಕ್ಸಲರೇಟರ್ ಪೂರ್ತಿ ಬಿಟ್ಟು ನಿಧಾನವಾಗಿ ಇಳಿಯುವಾಗ, ವೇಗ ಒಂದು ಮಟ್ಟಕ್ಕಿಂತ ತಗ್ಗಿದ ಕೂಡಲೇ ಶೂಗಳು ಹಿಡಿತ ಬಿಡುತ್ತವೆ. ಎಂಜಿನ್ ತಡೆ ಮಾಯವಾಗಿ ಗಾಡಿ ಸೈಕಲ್ಲಿನಂತೆ ಸ್ವಚ್ಛಂದವಾಗಿ ಉರುಳುತ್ತದೆ. ಆಗ ಎಕ್ಸಲರೇಟರನ್ನು ಕ್ಷಣಕಾಲ ತಿರುವಿ ಬಿಟ್ಟರೆ ಕ್ಲಚ್ ಮತ್ತೆ ಹಿಡಿದು ಸ್ವಲ್ಪ ತಡೆ ಸಿಗುತ್ತದೆ. ಈ ಉಪಾಯ ನನಗೆ ತಿಳಿದದ್ದು ನಾಲ್ಕನೆಯ ವರ್ಷದಲ್ಲಿ, ಅದೂ ಒಂದು ಉದ್ದನೆಯ ಘಾಟಿಯಲ್ಲಿ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ.