ನೆಟ್‌ವರ್ಕ್ ಮೂಲಕ ಸರ್ವರ್ ಇನ್‌ಸ್ಟಾಲ್: ಎರಡು ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರುಗಳ ಹೋಲಿಕೆ

ಈಥರ್‌ನೆಟ್ ಪೋರ್ಟ್ ಇಲ್ಲದ ತೆಳು ಲ್ಯಾಪ್‌ಟಾಪುಗಳನ್ನು ಮನೆಯಲ್ಲಿ ಸರ್ವರ್ ಆಗಿ ದುಡಿಸಿಕೊಳ್ಳುವವರು ಯುಎಸ್‌ಬಿ ಅಡಾಪ್ಟರ್ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ ಯಾವುದೆಂಬುದನ್ನು ವಿಚಾರಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎರಡು ಅಡಾಪ್ಟರುಗಳಲ್ಲಿ ಒಂದರೊಳಗೆ ರಿಯಲ್‌ಟೆಕ್‌ನ ಆರ್‌ಟಿಎಲ್8153 ಇದೆ, ಇನ್ನೊಂದರೊಳಗೆ ಏಸಿಕ್ಸ್‌ನ ಎಎಕ್ಸ್88179 ಇದೆ. ಎರಡರಿಂದಲೂ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮನ್ನು ನೆಟ್‌ವರ್ಕ್ ಮೂಲಕವೇ ಇನ್‌ಸ್ಟಾಲ್ ಮಾಡಿ ನೋಡಿದ್ದೇನೆ. ನನ್ನ ಆಯ್ಕೆ ಮೊದಲನೆಯದು, ಮತ್ತು ಅದಕ್ಕೆ ಮುಖ್ಯವಾಗಿ ಇರುವುದು ಒಂದೇ ಕಾರಣ.

ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಲೆಯ ಅಂತರ ನೂರಿನ್ನೂರು ರೂಪಾಯಿ, ಅದೂ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

ಕಾರಣ ಇರುವುದು ಯಂತ್ರ ಎದ್ದೇಳುವ ಮೊದಲ ಕೆಲವು ಸೆಕೆಂಡುಗಳಲ್ಲಿ. ನೆಟ್‌ವರ್ಕ್‌ನಿಂದಲೇ ಬೂಟ್ ಮಾಡುವ ಪಿಎಕ್ಸ್‌ಇ ವಿಧಾನದಲ್ಲಿ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಬಂದಿರುವುದಿಲ್ಲ. ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವುದು, ಟಿಎಫ್‌ಟಿಪಿಯಿಂದ ಮೊದಲ ಕಡತ ತರಿಸಿಕೊಳ್ಳುವುದು, ಇವೆಲ್ಲ ಯಂತ್ರದ ಮದರ್‌ಬೋರ್ಡಿನಲ್ಲೇ ಇರುವ ಯುಇಎಫ್‌ಐ ಎಂಬ ಫರ್ಮ್‌ವೇರ್‌ನ ಕೆಲಸ. ಪಿಸಿಐ ಕಾರ್ಡಾದರೆ ತನ್ನ ಡ್ರೈವರನ್ನು ಕಾರ್ಡಿನ ಮೇಲೆಯೇ ಇರುವ ಆಪ್ಷನ್ ರೋಮ್ ಎಂಬ ಸ್ಮೃತಿಯಲ್ಲಿ ತಾನೇ ಹೊತ್ತು ತರಬಹುದು. ಯುಎಸ್‌ಬಿ ಅಡಾಪ್ಟರಿಗೆ ಆ ಅನುಕೂಲವಿಲ್ಲ. ಅದರ ಡ್ರೈವರ್ ಲ್ಯಾಪ್‌ಟಾಪಿನ ಫರ್ಮ್‌ವೇರ್‌ನಲ್ಲಿ ಮೊದಲೇ ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ನನ್ನ ಯಂತ್ರಗಳ ಫರ್ಮ್‌ವೇರ್‌ನಲ್ಲಿ ರಿಯಲ್‌ಟೆಕ್ ಚಿಪ್‌ನ ಡ್ರೈವರ್ ಇತ್ತು, ಏಸಿಕ್ಸ್‌ನದು ಇರಲಿಲ್ಲ. ಇದು ಲ್ಯಾಪ್‌ಟಾಪ್ ತಯಾರಿಸಿದವರ ನಿರ್ಧಾರವೇ ಹೊರತು ಅಡಾಪ್ಟರಿನ ದೋಷವಲ್ಲ, ಆದರೆ ಕಷ್ಟ ಅನುಭವಿಸಬೇಕಾದವನು ಬಳಕೆದಾರ.

ರಿಯಲ್‌ಟೆಕ್ ಅಡಾಪ್ಟರ್ ಚುಚ್ಚಿ ಬೂಟ್ ಮೆನು ತೆರೆದರೆ ನೆಟ್‌ವರ್ಕ್ ಬೂಟ್‌ನ ಸಾಲು ತಾನಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಆರಿಸಿದ ಕೂಡಲೇ ಕಪ್ಪು ಪರದೆಯ ಮೇಲೆ ‘ಸ್ಟಾರ್ಟ್ ಪಿಎಕ್ಸ್‌ಇ ಓವರ್ ಐಪಿವಿ4’ ಎಂಬ ಬರಹ ಮೂಡಿ, ಸ್ವಲ್ಪ ಹೊತ್ತಿನಲ್ಲೇ ಡೆಬಿಯನ್ನಿನ ಮೆನು ಬರುತ್ತದೆ. ಡೆಬಿಯನ್ ಒದಗಿಸುವ ನೆಟ್‌ಬೂಟ್ ಕಡತಗಳಲ್ಲಿ ಡಿಜಿಟಲ್ ಸಹಿ ಇರುವ ಶಿಮ್ ಮತ್ತು ಗ್ರಬ್ ಎಂಬ ಬೂಟ್ ತಂತ್ರಾಂಶಗಳು ಇರುವುದರಿಂದ, ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡುವ ಅಗತ್ಯವೂ ಬೀಳುವುದಿಲ್ಲ. ಏಸಿಕ್ಸ್ ಅಡಾಪ್ಟರನ್ನು ಅದೇ ಪೋರ್ಟಿಗೆ, ಅದೇ ಕೇಬಲ್‌ನೊಂದಿಗೆ ಚುಚ್ಚಿದರೆ ಮೆನುವಿನಲ್ಲಿ ಆ ಸಾಲೇ ಇಲ್ಲ, ಅಡಾಪ್ಟರಿನ ಹಸಿರು ದೀಪವೂ ಹೊತ್ತಿಕೊಳ್ಳುವುದಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಬಂದ ಮೇಲೆ ಅದೇ ಅಡಾಪ್ಟರ್ ಯಾವ ತಕರಾರೂ ಇಲ್ಲದೆ ಓಡುತ್ತದೆ. ಆದರೆ ಕರ್ನೆಲ್ಲನ್ನು ತರಬೇಕಾದದ್ದೇ ಆ ಅಡಾಪ್ಟರ್ ಮೂಲಕ!

ದಾರಿ ಇಲ್ಲವೆಂದಲ್ಲ. ಐಪಿಎಕ್ಸ್‌ಇ ಎಂಬ ಮುಕ್ತ ತಂತ್ರಾಂಶದಲ್ಲಿ ಎಎಕ್ಸ್88179ರ ಡ್ರೈವರ್ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅಲ್ಲಿಂದ ಬೂಟ್ ಮಾಡಿದರೆ ಅಡಾಪ್ಟರ್ ಎಚ್ಚರಗೊಳ್ಳುತ್ತದೆ. ಕರ್ನೆಲ್ ಮತ್ತು ಅದರೊಂದಿಗೆ ಬೇಕಾಗುವ ಆರಂಭಿಕ ಕಡತವಾದ ಇನಿಟ್‌ಆರ್‌ಡಿಯನ್ನು ಎಚ್‌ಟಿಟಿಪಿ ಮೂಲಕ ತರಿಸಬಹುದಾದ್ದರಿಂದ, ಸಾಮಾನ್ಯವಾಗಿ 512 ಬೈಟ್‌ಗಳ ತುಣುಕು ಕಳಿಸಿ ಪ್ರತಿಯೊಂದಕ್ಕೂ ಉತ್ತರ ಕಾಯುವ ಟಿಎಫ್‌ಟಿಪಿಗಿಂತ ಆ ಹಂತ ಬೇಗ ಮುಗಿಯುತ್ತದೆ. ಆದರೆ ನಾನು ಕಂಪೈಲ್ ಮಾಡಿಕೊಂಡ ಐಪಿಎಕ್ಸ್‌ಇ ಕಡತಕ್ಕೆ ಸಹಿ ಇಲ್ಲದ್ದರಿಂದ ಪ್ರತಿ ಯಂತ್ರದಲ್ಲೂ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಎರಡೇ ಯುಎಸ್‌ಬಿ ಪೋರ್ಟ್ ಇರುವ ಯಂತ್ರದಲ್ಲಿ ಒಂದನ್ನು ಪೆನ್‌ಡ್ರೈವ್‌ಗೆ ಬಿಟ್ಟುಕೊಡಬೇಕು. ಪೆನ್‌ಡ್ರೈವ್ ಬೇಡವೆಂದೇ ನೆಟ್‌ವರ್ಕ್ ದಾರಿ ಹಿಡಿದವನಿಗೆ ಇದು ಸಮಾಧಾನ ತರುವ ಪರಿಹಾರವಲ್ಲ.

ಇನ್ನೊಂದು ತೊಡಕು ಎರಡಕ್ಕೂ ಸಮಾನ. ನೆಟ್‌ವರ್ಕ್‌ನಲ್ಲಿ ಗುರುತಿಗೆ ಬಳಸುವ ಮ್ಯಾಕ್ ವಿಳಾಸ ಯಂತ್ರದ್ದಲ್ಲ, ಅಡಾಪ್ಟರಿನದು. ಒಂದೇ ಅಡಾಪ್ಟರನ್ನು ಯಂತ್ರದಿಂದ ಯಂತ್ರಕ್ಕೆ ಬದಲಿಸುತ್ತ ಹೋದರೆ ರೂಟರ್ ಎಲ್ಲಕ್ಕೂ ಅದೇ ಐಪಿ ವಿಳಾಸ ಕೊಡುತ್ತದೆ, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಮಾಡಹೋದರೆ ಸರ್ವರಿನ ಗುರುತಿನ ಕೀಲಿ (ಹೋಸ್ಟ್ ಕೀ) ಬದಲಾಗಿದೆ ಎಂಬ ಎಚ್ಚರಿಕೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಇಂಟರ್‌ಫೇಸಿನ ಹೆಸರು: ಡೆಬಿಯನ್ ಯುಎಸ್‌ಬಿ ಅಡಾಪ್ಟರಿಗೆ ‘ಇಎನ್‌ಎಕ್ಸ್’ ಎಂಬುದರ ಮುಂದೆ ಮ್ಯಾಕ್ ವಿಳಾಸದ 12 ಅಕ್ಷರಗಳನ್ನು ಜೋಡಿಸಿ ಹೆಸರಿಟ್ಟು, ಅದನ್ನೇ ನೆಟ್‌ವರ್ಕ್ ಸಂರಚನೆಯಲ್ಲಿ ಬರೆದಿಡುತ್ತದೆ. ನಾಳೆ ಅಡಾಪ್ಟರ್ ಕೆಟ್ಟು ಅದೇ ಮಾದರಿಯ ಹೊಸದನ್ನು ಚುಚ್ಚಿದರೂ ಸರ್ವರ್ ನೆಟ್‌ವರ್ಕಿಗೆ ಬರುವುದಿಲ್ಲ. ಮ್ಯಾಕ್ ಬದಲು ಡ್ರೈವರ್ ನೋಡಿ ಹೆಸರಿಡುವಂತೆ ಡೆಬಿಯನ್ನಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಿಂಕ್ ಕಡತವೊಂದನ್ನು ಬರೆದರೆ ಈ ಕಾಟ ತಪ್ಪುತ್ತದೆ. ನಾನು ಅದನ್ನು ಇನ್‌ಸ್ಟಾಲರಿನ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಪ್ರಿಸೀಡ್ ಕಡತದ ಕೊನೆಯ ಆದೇಶದಲ್ಲೇ ಸೇರಿಸಿದ್ದೇನೆ.

ಡೆಬಿಯನ್ ಬದಲು ಉಬುಂಟು ಸರ್ವರ್ ಬಯಸುವವರು ಗಮನಿಸಬೇಕಾದ ಮಾತೊಂದಿದೆ: ಅದರ ಈಗಿನ ಇನ್‌ಸ್ಟಾಲರ್ ನೆಟ್‌ವರ್ಕ್ ಬೂಟ್‌ನಲ್ಲಿ ಎರಡು ಜಿಬಿಗೂ ಹೆಚ್ಚಿನ ಇಡೀ ಐಎಸ್‌ಒ ಕಡತವನ್ನು (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ಯಂತ್ರದ ರ‍್ಯಾಮ್‌ಗೆ ಇಳಿಸಿಕೊಳ್ಳುತ್ತದೆ. ನನ್ನ 4 ಜಿಬಿ ಯಂತ್ರಗಳಿಗೆ ಅದು ಹೊರೆ.

ಡಬ್ಬಿಗಳ ಮೇಲೆ ‘ಗಿಗಾಬಿಟ್’ ಎಂದಷ್ಟೇ ಇರುತ್ತದೆ, ಚಿಪ್ ಹೆಸರು ಅಪರೂಪ. ಅಂಗಡಿಯಲ್ಲೇ ಲಿನಕ್ಸ್ ಲ್ಯಾಪ್‌ಟಾಪಿಗೆ ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟರೆ ರಿಯಲ್‌ಟೆಕ್‌ನದು 0ಬಿಡಿಎ:8153 ಎಂದೂ ಏಸಿಕ್ಸ್‌ನದು 0ಬಿ95:1790 ಎಂದೂ ತೋರುತ್ತದೆ.

ಒಂದೇ ಯಂತ್ರ, ಒಂದೇ ಸಲದ ಕೆಲಸ ಎನ್ನುವವರಿಗೆ ಐಎಸ್‌ಒ ಬರೆದ ಪೆನ್‌ಡ್ರೈವ್ ಸಾಕು, ಏಸಿಕ್ಸ್ ಅಡಾಪ್ಟರ್ ಈಗಾಗಲೇ ಕೈಯಲ್ಲಿದ್ದರೆ ಹೊಸದು ಕೊಳ್ಳಬೇಕಾಗಿಯೂ ಇಲ್ಲ. ನಾನು ಪ್ರಯೋಗಕ್ಕೆಂದು ಯಂತ್ರಗಳನ್ನು ಆಗಾಗ ಅಳಿಸಿ ಹೊಸದಾಗಿ ಕಟ್ಟುವವನು. ಹಳೆಯ ಡೆಸ್ಕ್‌ಟಾಪೊಂದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ, ವಿಳಾಸ ಕೊಡುವುದನ್ನು ರೂಟರಿಗೇ ಬಿಟ್ಟು ಬೂಟ್ ಮಾಹಿತಿಯನ್ನಷ್ಟೇ ಕೊಡುವ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಸದಾ ಓಡುತ್ತಿರುತ್ತದೆ, ರೂಟರನ್ನು ಮುಟ್ಟಬೇಕಾಗಿಲ್ಲ. ಈ ಅಭ್ಯಾಸಕ್ಕೆ ಹೊಂದುವುದು ಆರ್‌ಟಿಎಲ್8153, ಮತ್ತು ಪ್ರತಿ ಯಂತ್ರಕ್ಕೂ ಅದೇ ಚಿಪ್‌ನ ಒಂದೊಂದು ಅಡಾಪ್ಟರ್ ಕೊಂಡು ಅಲ್ಲೇ ಬಿಡುವುದು ನನ್ನ ಬಜೆಟ್‌ಗೂ ಎಟಕುತ್ತದೆ.