ಕುದಿತದ ಪ್ರಯೋಗಕ್ಕೆ ನಿಕ್ರೋಮ್ ತಂತಿಯ ಉಪಕರಣ: ಒಂದು ವಿಮರ್ಶೆ

ಕಾರವಾರದ ನಮ್ಮ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಬಳಕೆಯಲ್ಲಿರುವ ‘ಕ್ರಿಟಿಕಲ್ ಹೀಟ್ ಫ್ಲಕ್ಸ್’ (ಬಿಸಿ ಮೇಲ್ಮೈಯೊಂದರಿಂದ ಕುದಿಯುವ ನೀರು ಹೀರಿಕೊಳ್ಳಬಲ್ಲ ಶಾಖದ ಗರಿಷ್ಠ ಮಿತಿ) ಉಪಕರಣದ ರಚನೆ ಸರಳವಾದದ್ದು: ಗಾಜಿನ ಪಾತ್ರೆಯಲ್ಲಿ ನೀರು, ಅದನ್ನು ಕಾಯಿಸಲು ಹೀಟರ್, ನೀರಿನೊಳಗೆ ಎರಡು ಕಂಬಿಗಳ ನಡುವೆ ಬಿಗಿದ ನಿಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ, ಅದಕ್ಕೆ ಕೊಡುವ ವಿದ್ಯುತ್ತನ್ನು ಏರಿಸಲು ಡಿಮ್ಮರ್‌ಸ್ಟ್ಯಾಟ್.

ಕಣ್ಣಾರೆ ತೋರಿಸುವ ವಿಷಯದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಬಹುದು. ವಿದ್ಯುತ್ತನ್ನು ನಿಧಾನವಾಗಿ ಏರಿಸಿದಂತೆ ಮೊದಲು ತಂತಿಯ ಒಂದೆರಡು ಗೀರುಗಳಿಂದ ಮಾತ್ರ ಗುಳ್ಳೆಗಳ ಸಾಲು ಏಳುತ್ತದೆ. ಬಳಿಕ ತಂತಿಯುದ್ದಕ್ಕೂ ಗುಳ್ಳೆಗಳು ಮುತ್ತಿಕೊಳ್ಳುತ್ತವೆ. ಕೊನೆಗೆ ಆವಿಯ ಪೊರೆ ಕವಿದು, ಶಾಖ ನೀರಿಗೆ ಇಳಿಯಲಾಗದೆ, ತಂತಿ ಕೆಂಪಗೆ ಕಾದು ತುಂಡಾಗುತ್ತದೆ. ವಾತಾವರಣದ ಒತ್ತಡದಲ್ಲಿ ನೀರಿಗೆ ಈ ಮಿತಿ ಚದರ ಮೀಟರಿಗೆ ಸುಮಾರು 10 ಲಕ್ಷ ವ್ಯಾಟ್, 0.2 ಮಿ.ಮೀ. ವ್ಯಾಸದ, 10 ಸೆಂ.ಮೀ. ಉದ್ದದ ತಂತಿಗೆ ಅದು 63 ವ್ಯಾಟ್ ಆಗುತ್ತದೆ. ವ್ಯಾಸದಲ್ಲಿ 0.01 ಮಿ.ಮೀ. ವ್ಯತ್ಯಾಸವಾದರೂ ಉತ್ತರ ಶೇ. 5ರಷ್ಟು ತಪ್ಪುವುದರಿಂದ, ಪೊಟ್ಟಣದ ಮೇಲಿನ ಅಳತೆಯನ್ನು ನಂಬದೆ ಮೈಕ್ರೋಮೀಟರ್ ಹಿಡಿಯುವುದೇ ಕ್ಷೇಮ. ಅಣುಸ್ಥಾವರದ ಇಂಧನ ಸರಳುಗಳೂ ಈ ಮಿತಿ ಮೀರಿದರೆ ಹೀಗೆಯೇ ಕೆಡುತ್ತವೆ; ಕೈಗಾ ಅಣುಸ್ಥಾವರ ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ, ಈ ಮಿತಿ ಯಾಕೆ ಮುಖ್ಯ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಕಡಲ ಗಾಳಿಗೆ ಕಂಬಿಗಳ ತುದಿಯಲ್ಲಿ ಕಿಲುಬು ಕಟ್ಟುತ್ತದೆ. ಮಳೆಗಾಲದಲ್ಲಿ ಪ್ರತಿ ಸಲವೂ ಉಜ್ಜಲೇಬೇಕು. ಬಾವಿಯ ನೀರು ಬೇಡ, ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು.

ನನ್ನ ಮುಖ್ಯ ತಕರಾರು ಬೇರೆ. ಮಾರುವವರು ‘ಕುದಿತದ ಪೂರ್ಣ ವಕ್ರರೇಖೆ’ (ಮೇಲ್ಮೈಯ ಉಷ್ಣತೆಗೆ ತಕ್ಕಂತೆ ಶಾಖ ವರ್ಗಾವಣೆ ಹೇಗೆ ಬದಲಾಗುತ್ತದೆಂದು ತೋರಿಸುವ ರೇಖೆ) ಸಿಗುತ್ತದೆ ಎನ್ನುತ್ತಾರೆ, ಆದರೆ ತಂತಿಯ ಮೇಲ್ಮೈ ಉಷ್ಣತೆಯನ್ನು ಅಳೆಯುವ ವ್ಯವಸ್ಥೆಯೇ ಇದರಲ್ಲಿಲ್ಲ. ಜಪಾನಿನ ಶಿರೊ ನುಕಿಯಾಮಾ 1934ರಲ್ಲಿ ಈ ವಕ್ರರೇಖೆಯನ್ನು ಪ್ರಕಟಿಸಿದಾಗ ತಂತಿಯ ವಿದ್ಯುತ್ ರೋಧವನ್ನೇ ಉಷ್ಣಮಾಪಕವಾಗಿ ಬಳಸಿಕೊಂಡಿದ್ದರು. ಪ್ಲಾಟಿನಂನ ರೋಧ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ, ನಿಕ್ರೋಮ್‌ನದು ಅಲುಗಾಡುವುದೇ ಕಡಿಮೆ; ಹಾಗಾಗಿ ನಮ್ಮ ತಂತಿಯಲ್ಲಿ ಆ ಉಪಾಯ ಸುಲಭವಲ್ಲ. ಅಲ್ಲದೆ ಡಿಮ್ಮರ್‌ಸ್ಟ್ಯಾಟ್ ನಿಯಂತ್ರಿಸುವುದು ಶಾಖವನ್ನೇ ಹೊರತು ಉಷ್ಣತೆಯನ್ನಲ್ಲ. ಹಾಗಾಗಿ ಮೇಲ್ಮೈ ಬಿಸಿಯಾದಷ್ಟೂ ಶಾಖ ವರ್ಗಾವಣೆ ಇಳಿಯುವ ಮಧ್ಯದ ಹಂತವನ್ನು ತಂತಿ ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ.

ಆ ಹಂತ ಬೇಕೆನ್ನುವವರು ಲೇತ್ ಅಂಗಡಿಯಲ್ಲಿ ತಾಮ್ರದ ಗುಂಡೊಂದನ್ನು ಮಾಡಿಸಿ, ನಡುವಿಗೆ ರಂಧ್ರ ಕೊರೆಸಿ ಥರ್ಮೋಕಪಲ್ (ಉಷ್ಣತೆ ಅಳೆಯುವ ಲೋಹದ ತಂತಿಗಳ ಜೋಡಿ) ಕೂರಿಸಿ, 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಕುದಿಯುವ ನೀರಿಗೆ ಇಳಿಸಲಿ. ಆವಿಯ ಪೊರೆ ಇರುವಷ್ಟು ಹೊತ್ತು ಉಷ್ಣತೆ ನಿಧಾನವಾಗಿ ಇಳಿದು, ಪೊರೆ ಹರಿದ ಕೂಡಲೇ ಚರ್ರೆಂಬ ಸದ್ದಿನೊಂದಿಗೆ ಒಮ್ಮೆಲೇ ಕುಸಿಯುತ್ತದೆ; ಆ ಇಳಿಕೆಯ ವೇಗದಿಂದಲೇ ಪ್ರತಿ ಉಷ್ಣತೆಯಲ್ಲಿನ ಶಾಖ ಪ್ರವಾಹವನ್ನು ಲೆಕ್ಕಹಾಕಬಹುದು.