ಪೋಲೊ ಟ್ರ್ಯಾಕ್ ಕಾರಿನ ಬ್ರೇಕಿಗೆ ಗಾಳಿ: ಡಿಫ್ಲೆಕ್ಟರಾ, ಹೋಸಾ? ತಳಕ್ಕೆ ಯಾವ ಶೀಟು?

ಬ್ರೇಕಿಗೆ ಗಾಳಿ ಕೊಡುವ ಕೆಲಸದಲ್ಲಿ ಎಲ್ಲರ ಕಣ್ಣೂ ಬಂಪರಿನ ತೂತಿನ ಮೇಲೆ. ಆದರೆ ಕೆಲಸ ಫಲಿಸುವುದೂ ಕೆಡುವುದೂ ಅಲ್ಲಿಂದ ಗಾಳಿ ಒಯ್ಯುವ ಹೋಸಿನ (ಬಳುಕುವ ಕೊಳವೆಯ) ಇನ್ನೊಂದು ತುದಿಯಲ್ಲಿ, ಡಿಸ್ಕಿನ ಪಕ್ಕದ ಕೊನೆಯ ಒಂದು ಗೇಣಿನಲ್ಲಿ. ಅಡಿಯ ಗಾಳಿ ನೇರವಾಗಿ ಹರಿಯಲೆಂದು ಕಾರಿನ ಹೊಟ್ಟೆಗೆ ಹೊದಿಸುವ ತಳದ ಪ್ಯಾನೆಲ್ಲಿನದೂ ಅದೇ ಕಥೆ. ಗಾಳಿ ಎಲ್ಲಿ ಒಳಗೆ ಬಂತು ಅನ್ನುವುದಕ್ಕಿಂತ ಎಲ್ಲಿಂದ ಹೊರಗೆ ಹೋಯಿತು ಅನ್ನುವುದೇ ಮುಖ್ಯ.

ಇಲ್ಲಿ ಹೋಲಿಸಿರುವುದು ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ ಮೇಲೆ ಒಂದಾದ ಮೇಲೊಂದು ಕಟ್ಟಿ ನೋಡಿದ ವ್ಯವಸ್ಥೆಗಳನ್ನು. ಮುಂದೆ ವೆಂಟಿಲೇಟೆಡ್ ಡಿಸ್ಕ್ (ಎರಡು ಮುಖಗಳ ನಡುವೆ ಗಾಳಿ ಹಾಯಲು ರೆಕ್ಕೆಗಳಿರುವಂಥದ್ದು), ಹಿಂದೆ ಡ್ರಮ್. ಪ್ಯಾಡ್, ಟೈರ್, ಬ್ರೇಕ್ ಆಯಿಲ್ ಯಾವುದನ್ನೂ ನಡುವೆ ಬದಲಿಸಿಲ್ಲ. ಕಾರು ಬೆಂಗಳೂರಿನಿಂದ ಟ್ರ್ಯಾಕಿಗೆ ತನ್ನ ಚಕ್ರದ ಮೇಲೇ ಹೋಗುವಂಥದ್ದು, ಟ್ರೈಲರ್ ಮೇಲಲ್ಲ. ತಳಕ್ಕೆ ಶೀಟು ಆರಿಸುವಾಗ ಈ ಮಾತು ಲೆಕ್ಕಕ್ಕೆ ಬರುತ್ತದೆ.

ಮೊದಲು ಶಾಖದ ಲೆಕ್ಕ. ಡ್ರೈವರ್ ಸೇರಿ 1,150 ಕೆ.ಜಿ. ತೂಗುವ ಕಾರನ್ನು ಗಂಟೆಗೆ 160 ಕಿ.ಮೀ.ಯಿಂದ 60ಕ್ಕೆ ಇಳಿಸಿದರೆ ಸುಮಾರು 975 ಕಿಲೋಜೂಲ್ ಶಕ್ತಿ ಬ್ರೇಕಿಗೆ ಹೋಗುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಜೋಡಿಗೆ ಎಂದಿಟ್ಟುಕೊಳ್ಳಿ. ಒಂದೊಂದು ಡಿಸ್ಕಿಗೆ 340 ಕಿಲೋಜೂಲ್. ಡಿಸ್ಕ್ 6 ಕೆ.ಜಿ. ಎರಕದ ಕಬ್ಬಿಣವಾದರೆ ಒಂದೇ ಒಂದು ಬ್ರೇಕಿಗೆ ಅದರ ಬಿಸಿ 110 ಡಿಗ್ರಿ ಏರುತ್ತದೆ. ಈ ಏರಿಕೆಯನ್ನು ಬ್ರೇಕಿಗೆ ಗಾಳಿ ತರುವ ಯಾವ ಡಕ್ಟೂ (ಗಾಳಿದಾರಿಯೂ) ತಡೆಯಲಾರದು. ಡಕ್ಟಿನ ಕೆಲಸವೇನಿದ್ದರೂ ಮುಂದಿನ ಬ್ರೇಕ್ ಬರುವುದರೊಳಗೆ ಏರಿದ್ದನ್ನು ಇಳಿಸುವುದು. ಚೆನ್ನೈ ಹತ್ತಿರದ 3.717 ಕಿ.ಮೀ. ಟ್ರ್ಯಾಕಿನಲ್ಲಿ ನಡುನಡುವೆ ಆರಿಕೊಳ್ಳಲು ಜಾಗವಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಮಾತ್ರ. ಅಲ್ಲಿ ಬ್ರೇಕಿನ ಮೇಲೆ ಬ್ರೇಕ್ ಬೀಳುತ್ತದೆ, ಡಿಸ್ಕಿಗೆ ಉಸಿರಾಡಲು ಪುರುಸೊತ್ತಿಲ್ಲ.

ಡಕ್ಟಿಗೆ ಕೈ ಹಾಕುವ ಮೊದಲು ಬ್ರೇಕ್ ಆಯಿಲ್ ಬದಲಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ 155 ಡಿಗ್ರಿವರೆಗೆ. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ಎರಡು ಮಳೆಗಾಲ ಕಂಡ ಆಯಿಲ್ ಕ್ಯಾಲಿಪರಿನಲ್ಲಿರುವಾಗ ಡಕ್ಟ್ ಹಾಕಿ ಪೆಡಲ್ ಗಟ್ಟಿಯಾಗಲಿಲ್ಲವೆಂದರೆ ತಪ್ಪು ಡಕ್ಟಿನದಲ್ಲ.

ಅಳೆಯಲು ಬಳಸಿದ್ದು ಡಿಸ್ಕಿನ ಅಂಚಿಗೆ ಬಳಿಯುವ ಶಾಖದ ಬಣ್ಣ. ಹಸಿರು ಗೆರೆ 430 ಡಿಗ್ರಿಗೆ ಬೆಳ್ಳಗಾಗುತ್ತದೆ, ಕಿತ್ತಳೆ 560ಕ್ಕೆ ಹಳದಿಯಾಗುತ್ತದೆ, ಕೆಂಪು 610ಕ್ಕೆ ಬಿಳಿಯಾಗುತ್ತದೆ. ಗೆರೆ ಎಳೆಯುವ ಮೊದಲು ಅಂಚಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ಥಿನ್ನರಿನಲ್ಲಿ ಒರೆಸಲೇಬೇಕು. ಇಲ್ಲದಿದ್ದರೆ ಎರಡನೆಯ ಲ್ಯಾಪಿಗೇ ಬಣ್ಣ ಉದುರುತ್ತದೆ. ಪಿಟ್‌ಗೆ ಬಂದ ಮೇಲೆ ಗನ್ ಥರ್ಮಾಮೀಟರ್ ಹಿಡಿಯುವುದು ಅಷ್ಟು ನಂಬಿಕೆಯದಲ್ಲ. ಹೊಳೆಯುವ ಡಿಸ್ಕ್ ಅದಕ್ಕೆ ಸುಳ್ಳು ಹೇಳುತ್ತದೆ, ಅಷ್ಟರಲ್ಲಿ ಬಿಸಿಯೂ ಇಳಿದಿರುತ್ತದೆ.

ಡಿಸ್ಕಿನ ಒಳಬದಿಗಿರುವ ತಗಡಿನ ಮರೆ, ಅಂದರೆ ಡಸ್ಟ್ ಶೀಲ್ಡ್, ಕಿತ್ತು ಹಾಕುವುದು ಎಲ್ಲಕ್ಕಿಂತ ಅಗ್ಗ, ಖರ್ಚೇ ಇಲ್ಲ. ಡಿಸ್ಕಿನ ಒಳಗಣ್ಣು (ನಡುವಿನ ತೂತು) ತೆರೆದುಕೊಳ್ಳುವುದರಿಂದ ರೆಕ್ಕೆಗಳು ಗಾಳಿಯನ್ನು ತಾವೇ ಎಳೆದುಕೊಳ್ಳುತ್ತವೆ. ಅಷ್ಟಾದರೂ ಹಸಿರು ಪೂರ್ತಿ ಬಿಳಿಯಾಯಿತು, ಕಿತ್ತಳೆಯೂ ಅಲ್ಲಲ್ಲಿ ತಿರುಗಿತು. ಇನ್ನೊಂದು ತೊಂದರೆ ಉಂಟು. ಆ ತಗಡು ಕಲ್ಲನ್ನಷ್ಟೇ ಅಲ್ಲ, ಡಿಸ್ಕಿನ ಝಳವನ್ನೂ ತಡೆಯುತ್ತಿತ್ತು. ಅದು ಹೋದ ಮೇಲೆ ಬಾಲ್ ಜಾಯಿಂಟ್ ಮತ್ತು ಟೈ ರಾಡಿನ ರಬ್ಬರ್ ಬೂಟುಗಳು ನೇರ ಬಿಸಿಗೆ ಒಡ್ಡಿಕೊಂಡು ಗಡುಸಾಗಿ ಸೀಳುತ್ತವೆ. ಪೂರ್ತಿ ಕೀಳುವ ಬದಲು ಮುಂಭಾಗದ ಅರ್ಧ ಮಾತ್ರ ಕತ್ತರಿಸಿ, ಬೂಟುಗಳ ಎದುರಿನ ಭಾಗ ಉಳಿಸಿಕೊಳ್ಳಿ.

ಇನ್ನು ಆರ್ಮ್ ಡಿಫ್ಲೆಕ್ಟರ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿಗೆ ಕಟ್ಟುವ ಪ್ಲಾಸ್ಟಿಕ್ ಮೊರ ಅನ್ನಬಹುದು. ಕಾರಿನ ಅಡಿಯ ಗಾಳಿಯನ್ನು ಡಿಸ್ಕಿನತ್ತ ಎತ್ತಿ ಕೊಡುತ್ತದೆ. ಪೋರ್ಷ 911 ಜಿಟಿ3ಯ ಡಿಫ್ಲೆಕ್ಟರ್ ತಂದು ಬೇರೆ ಕಾರುಗಳಿಗೆ ಒಗ್ಗಿಸಿಕೊಳ್ಳುವವರು ಬಹಳ ಜನ. ಪೋಲೊಗೆ ಕೈಯಲ್ಲೇ ಮಾಡಿದರೂ ಸಾಕು. 2 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಶೀಟಿನಲ್ಲಿ 200 × 120 ಮಿ.ಮೀ. ತುಂಡು ಕತ್ತರಿಸಿ, ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ, ಹೊರ ಅಂಚನ್ನು ಮೇಲಕ್ಕೆ ಬಾಗಿಸಿ. ಆರ್ಮಿಗೆ ತೂತು ಕೊರೆಯಲೇಬೇಡಿ. ರಬ್ಬರ್ ಹಾಕಿದ ಎರಡು ಪಿ-ಕ್ಲಿಪ್, ತುದಿಯಲ್ಲಿ ಒಂದು ಅಗಲದ ಕೇಬಲ್ ಟೈ ಸಾಕು. ಕೆಳ ಅಂಚು ಆರ್ಮಿಗಿಂತ 25 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದಾಗ ಮುರಿಯಬೇಕಾದ್ದು ಕೇಬಲ್ ಟೈ, ಆರ್ಮ್ ಅಲ್ಲ.

ಇದನ್ನು ಹಾಕಿದ ಮೇಲೆ ಕಿತ್ತಳೆ ಗೆರೆ ಹಾಗೇ ಉಳಿಯಿತು. ಕೊನೆಯ ಲ್ಯಾಪುಗಳಲ್ಲಿ ಪೆಡಲ್ ಕೆಳಗಿಳಿಯುವುದೂ ನಿಂತಿತು. ಅರ್ಧ ದಿನದ ಕೆಲಸಕ್ಕೆ ಇಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ. ಕೊರತೆ ಒಂದೇ: ಮಳೆಯಲ್ಲಿ ರಸ್ತೆಯ ನೀರನ್ನೆಲ್ಲ ತಂದು ಡಿಸ್ಕಿಗೆ ಎರಚುತ್ತದೆ, ಮೊದಲ ಹಿಡಿತ ತಡವಾಗಿ ಬರುತ್ತದೆ. ಮಳೆಗಾಲದಲ್ಲಿ ಊರಲ್ಲಿ ಓಡಿಸುವಾಗ ಬಿಚ್ಚಿಡಿ.

ಹೋಸ್ ಡಕ್ಟ್‌ನ ವಿಷಯ ಸ್ವಲ್ಪ ಉದ್ದ. ಬಾಯಿಗೆ ಫಾಗ್ ಲ್ಯಾಂಪಿನ ಜಾಗವೇ ಸರಿ, ಅಲ್ಲಿ ಗಾಳಿಯ ಒತ್ತಡ ಚೆನ್ನಾಗಿದೆ. ಮೈಯೊಳಗೆ ತಗ್ಗಾಗಿ ಕೂರುವ ನಾಕಾ ಡಕ್ಟನ್ನು ಬಂಪರಿನ ಮೂತಿಗೆ ಕೂರಿಸುವುದು ವ್ಯರ್ಥ. ಗಾಳಿ ಮೈಗೆ ಅಂಟಿಕೊಂಡು ಜಾರುವ ಚಪ್ಪಟೆ ಜಾಗಕ್ಕೆಂದು ಮಾಡಿದ ಆಕಾರ ಅದು. ಬಾಯಿಯ ಅಂಚು ಚೂಪಾಗಿರದೆ ತುತ್ತೂರಿಯ ತುದಿಯಂತೆ ಹೊರಳಿರಲಿ. ಹೋಸ್ 63 ಮಿ.ಮೀ.ದಾದರೆ ಅಡ್ಡಕೊಯ್ತದ ವಿಸ್ತೀರ್ಣ 31 ಚ.ಸೆಂ.ಮೀ., 76 ಮಿ.ಮೀ.ದಾದರೆ 45. ಕಾಗದದ ಮೇಲೆ ದೊಡ್ಡದೇ ಗೆಲ್ಲುತ್ತದೆ. ಚಕ್ರದ ಗೂಡಿನಲ್ಲಿ ಮಾತ್ರ ಟೈರಿಗೂ ಸ್ಟ್ರಟ್ಟಿಗೂ ನಡುವೆ 76ರ ಹೋಸನ್ನು ಅಮುಕಿ ಮೊಟ್ಟೆಯಾಕಾರ ಮಾಡಿದರಷ್ಟೇ ಹಿಡಿಸುತ್ತದೆ, ಅಲ್ಲಿಗೆ ಹೆಚ್ಚುವರಿ ಲಾಭ ಹೋಯಿತು. ಪೋಲೊಗೆ 63 ಸಾಕು, ತಿರುವು ಎರಡಕ್ಕೆ ಮೀರದಿರಲಿ.

ಡಿಸ್ಕಿನ ಕಡೆಯ ತುದಿಯನ್ನು ಎರಡು ಬಗೆಯಲ್ಲಿ ನೋಡಿದ್ದಾಯಿತು. ಮೊದಲನೆಯದು ಹೋಸನ್ನು ಡಿಸ್ಕಿನ ಒಳಮುಖದ ಹತ್ತಿರ ಹೇಗೋ ಕಟ್ಟಿಬಿಡುವುದು. ಫಲ ಡಿಫ್ಲೆಕ್ಟರಿಗಿಂತ ಒಂದಿಷ್ಟೂ ಮೇಲಲ್ಲ. ಹಾನಿಯೇ ಹೆಚ್ಚು, ಏಕೆಂದರೆ ಒಂದೇ ಮುಖ ತಣ್ಣಗಾದರೆ ಡಿಸ್ಕ್ ತಟ್ಟೆಯಂತೆ ಬಾಗುತ್ತದೆ, ಪ್ಯಾಡ್ ಓರೆಯಾಗಿ ಸವೆಯುತ್ತದೆ, ಕೂದಲೆಳೆಯ ಬಿರುಕುಗಳು ಬೇಗ ಏಳುತ್ತವೆ. ಎರಡನೆಯದು ಗಾಳಿಯನ್ನು ಡಿಸ್ಕಿನ ನಟ್ಟನಡುವಿನ ಕಣ್ಣಿಗೇ ಕೊಡುವುದು. ಡಸ್ಟ್ ಶೀಲ್ಡನ್ನೇ ಅಚ್ಚಾಗಿಟ್ಟುಕೊಂಡು 1.5 ಮಿ.ಮೀ. ಅಲ್ಯೂಮಿನಿಯಂನಲ್ಲಿ ಪ್ಲೇಟ್ ಕತ್ತರಿಸಿ, 63 ಮಿ.ಮೀ. ಕೊರಳನ್ನು ರಿವೆಟ್ ಮಾಡಿ. ಹಬ್ಬಿನ ಸುತ್ತ ಕಣ್ಣಿಗೆ ಮಾತ್ರ ದಾರಿ ಬಿಟ್ಟು, ಡಿಸ್ಕಿನ ಮುಖಕ್ಕೆ 6ರಿಂದ 8 ಮಿ.ಮೀ. ಅಂತರದಲ್ಲಿ ಉಳಿದದ್ದನ್ನು ಮುಚ್ಚಿ. ಆಗ ರೆಕ್ಕೆಗಳು ಆ ಗಾಳಿಯನ್ನು ಒಳಗಿನಿಂದ ಹೊರಕ್ಕೆ ತೂರಿ ಎರಡೂ ಮುಖವನ್ನು ಸಮನಾಗಿ ಆರಿಸುತ್ತವೆ. ಹೀಗೆ ಮಾಡಿದ ದಿನ ಹಸಿರು ಗೆರೆಯೇ ಪೂರ್ತಿ ತಿರುಗಲಿಲ್ಲ. ಒಂದೇ ಹೋಸು, ಒಂದೇ ಬಾಯಿ. ಬದಲಾದದ್ದು ಕೊನೆಯ ಗೇಣು ಮಾತ್ರ.

ಹೋಸ್ ಕೊಳ್ಳುವಾಗ ಡಿಸ್ಕಿನ ಕಡೆಗೆ ಸಿಲಿಕೋನ್ ಲೇಪದ ಫೈಬರ್ ಗ್ಲಾಸ್ ಹೋಸೇ ಇರಲಿ. ನಿಯೋಪ್ರೀನ್ ಸುಮಾರು 150 ಡಿಗ್ರಿಗೆ ಕೈ ಎತ್ತುತ್ತದೆ, ಬಂಪರಿನ ಕಡೆಗಾದರೆ ನಡೆಯುತ್ತದೆ. ಕೂರಿಸಿದ ಮೇಲೆ ಸ್ಪ್ರಿಂಗ್ ತೆಗೆದು, ಆರ್ಮಿನಡಿ ಜ್ಯಾಕ್ ಇಟ್ಟು ಪೂರ್ತಿ ಮೇಲಕ್ಕೆತ್ತಿ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಪೂರ್ತಿ ಇಳಿಸಿ ಮತ್ತೆ ತಿರುಗಿಸಿ. ಹೋಸ್ ಎಲ್ಲಿ ಉಜ್ಜುತ್ತದೆಂದು ನೋಡಲು ಟೈರಿನ ಒಳಗೋಡೆಗೆ ಸೀಮೆಸುಣ್ಣ ಬಳಿದರೆ ಗುರುತು ತಾನಾಗಿ ಮೂಡುತ್ತದೆ. ಈ ಪರೀಕ್ಷೆ ಬಿಟ್ಟರೆ ಆಗುವುದಿಷ್ಟು: ಹೋಸಿನ ಬಟ್ಟೆ ಸವೆದು ಒಳಗಿನ ತಂತಿಯ ಸುರುಳಿ ಹೊರಗೆ ಬರುತ್ತದೆ, ಆ ತಂತಿ ಟೈರಿನ ಪಕ್ಕಗೋಡೆಯನ್ನು ಕೊಯ್ಯುತ್ತದೆ. ಚಾಸಿಗೆ ತಾಗುವ ಕಡೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಸುತ್ತಿ. ಡಿಸ್ಕಿನ ಬಳಿ ಬೇಡ, ಸುಟ್ಟು ಅಂಟಿಕೊಳ್ಳುತ್ತದೆ. ಎಬಿಎಸ್ ಸೆನ್ಸರಿನ ವಯರನ್ನು ಹೋಸಿಗೆ ಸೇರಿಸಿ ಕಟ್ಟಲೇಬೇಡಿ.

ತಳದ ಪ್ಯಾನೆಲ್ಲಿಗೆ ಮೂರು ಶೀಟುಗಳನ್ನು ಹಾಕಿ ನೋಡಿದ್ದು, ಬಂಪರಿನಿಂದ ಮುಂದಿನ ಸಬ್‌ಫ್ರೇಮಿನವರೆಗೆ (ಆರ್ಮುಗಳನ್ನು ಹೊತ್ತ ಚೌಕಟ್ಟು) ಮಾತ್ರ. 1.5 ಮಿ.ಮೀ. ಅಲ್ಯೂಮಿನಿಯಂ ಚದರ ಮೀಟರಿಗೆ ಸುಮಾರು 4 ಕೆ.ಜಿ. ಶಾಖಕ್ಕೆ ಅಂಜುವುದಿಲ್ಲ. ಆದರೆ ತಮಟೆಯಂತೆ ಅದುರಿ ರಿವೆಟ್ ತೂತುಗಳಿಂದ ಬಿರುಕು ಬಿಡುತ್ತದೆ. ಬೋರ್ಡ್ ಬರೆಯುವವರ ಬಳಿ ಸಿಗುವ 3 ಮಿ.ಮೀ. ಎಸಿಪಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ತಿರುಳಿರುವ) ಶೀಟಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಬಿಗಿ ಮಾತ್ರ ಎಷ್ಟೋ ಹೆಚ್ಚು, ಹಿಂಬದಿಯಲ್ಲಿ ವಿ ಆಕಾರದ ಗೀರು ಹಾಕಿದರೆ ನೇರವಾಗಿ ಮಡಿಯುತ್ತದೆ. ಅದರ ತಿರುಳು ಸಾಮಾನ್ಯವಾಗಿ ಪಾಲಿಥೀನ್, ಎಂದರೆ ಉರಿಯುವ ವಸ್ತು. ಎಂಜಿನ್ನಿನ ಬಿಸಿ ಹೊಗೆ ಇಳಿಯುವ ಡೌನ್‌ಪೈಪಿನ ಹತ್ತಿರ ಅದಕ್ಕೆ ಜಾಗವಿಲ್ಲ. 3 ಮಿ.ಮೀ. ಎಚ್‌ಡಿಪಿಇ 3 ಕೆ.ಜಿ.ಯೊಳಗೆ. ರಸ್ತೆಯ ಉಬ್ಬಿಗೆ ತಗುಲಿದರೆ ಬಾಗಿ, ಜಾರಿ, ಮತ್ತೆ ನೇರವಾಗುತ್ತದೆ. ಬಿಸಿಗೆ ಹಿಗ್ಗುವುದೇ ಅದರ ರೋಗ. 50 ಡಿಗ್ರಿ ಏರಿದರೆ ಒಂದು ಮೀಟರಿಗೆ 6ರಿಂದ 10 ಮಿ.ಮೀ. ಬೆಳೆಯುತ್ತದೆ. ದುಂಡು ತೂತು ಕೊರೆದು ಬೋಲ್ಟ್ ಬಿಗಿದರೆ ನಡುವೆ ಉಬ್ಬಿ ಜೋತುಬೀಳುತ್ತದೆ. ತೂತುಗಳನ್ನು ಉದ್ದುದ್ದ ಸೀಳಿ, 25 ಮಿ.ಮೀ. ವಾಷರ್ ಹಾಕಿ.

ರಸ್ತೆಯಲ್ಲೂ ಓಡುವ ಕಾರಿಗೆ ಎಚ್‌ಡಿಪಿಇ, ಟ್ರೈಲರಿನಲ್ಲಿ ಹೋಗುವ ಕಾರಿಗೆ ಎಸಿಪಿ. ಎಕ್ಸಾಸ್ಟ್ ಹತ್ತಿರದ ತುಂಡು ಎರಡರಲ್ಲೂ ಅಲ್ಯೂಮಿನಿಯಂ, ಕೊಳವೆಯಿಂದ ಕನಿಷ್ಠ 50 ಮಿ.ಮೀ. ದೂರ. ತುಂಡುಗಳನ್ನು ಹೆಂಚು ಹೊದಿಸಿದ ಹಾಗೆ ಜೋಡಿಸಿ: ಮುಂದಿನ ಶೀಟಿನ ಹಿಂತುದಿ ಹಿಂದಿನದರ ಕೆಳಗೆ ಬರಬೇಕು. ಅದಲುಬದಲಾದರೆ ಗಾಳಿ ಅಂಚಿಗೆ ಕೈ ಹಾಕಿ ಎಳೆಯುತ್ತದೆ. 160 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 120 ಕೆ.ಜಿ. ತೂಕದಷ್ಟು, ಮುಂದಿನ ಅಂಚು ಬಿಟ್ಟುಕೊಂಡರೆ ಅರ್ಧ ಚದರ ಮೀಟರಿನ ಪ್ಯಾನೆಲ್ ಮೇಲೆ 60 ಕೆ.ಜಿ. ಬೀಳುತ್ತದೆ. ಆದ್ದರಿಂದ ಮುಂದಿನ ಅಂಚಿಗೆ 150 ಮಿ.ಮೀ.ಗೊಂದು ಎಂ6 ಬೋಲ್ಟ್, ರಿವ್‌ನಟ್ (ತಗಡಿಗೇ ಕೂರಿಸುವ ನಟ್) ಮೇಲೆ. ಹಿಂದೆ ಅಷ್ಟು ಬೇಡ.

ಪ್ಯಾನೆಲ್ಲನ್ನು ಸಬ್‌ಫ್ರೇಮ್ ದಾಟಿಸಿ ಹಿಂದಕ್ಕೆ ಎಳೆದಾಗ ನೀರಿನ ಟೆಂಪರೇಚರ್ ಏರಿತು. ರೇಡಿಯೇಟರ್ ದಾಟಿ ಬಂದ ಗಾಳಿ ಕೆಳಗಿಳಿಯುವ ದಾರಿಯೇ ಅದು. ಮುಚ್ಚಿದರೆ ಎಂಜಿನ್ ಗೂಡಿನಲ್ಲಿ ಒತ್ತಡ ಕಟ್ಟಿ ರೇಡಿಯೇಟರಿನೊಳಗಿನ ಹರಿವೇ ಕುಗ್ಗುತ್ತದೆ. ಡಿಫ್ಲೆಕ್ಟರ್ ಇಟ್ಟುಕೊಳ್ಳುವವರು ಆರ್ಮಿನ ಮುಂದೆ ಪ್ಯಾನೆಲ್ಲನ್ನು 50 ಮಿ.ಮೀ. ಕಚ್ಚಿ ಕತ್ತರಿಸಬೇಕು. ಪ್ಯಾನೆಲ್ ಆರ್ಮನ್ನು ಮುಚ್ಚಿದರೆ ಡಿಫ್ಲೆಕ್ಟರಿಗೆ ಗಾಳಿಯೇ ಸಿಗದು. ಸರಿಯಾಗಿ ಕತ್ತರಿಸಿದರೆ ಅಡಿಯ ಹರಿವು ನೇರವಾಗಿ ಅದು ಮೊದಲಿಗಿಂತ ಚೆನ್ನಾಗಿಯೇ ದುಡಿಯುತ್ತದೆ.

ಆಯಿಲ್ ಡ್ರೈನ್ ಬೋಲ್ಟಿನ ಕೆಳಗೆ 80 ಮಿ.ಮೀ. ಕಿಂಡಿ ಬಿಡಿ. ಸೆಷನ್ ಮುಗಿದೊಡನೆ ಟಾರ್ಚ್ ಬಿಟ್ಟು ಅದರೊಳಗೆ ನೋಡಿ. ಪ್ಯಾನೆಲ್ ಇಲ್ಲದಾಗ ನೆಲದ ಮೇಲೆ ಕಾಣುತ್ತಿದ್ದ ಸೋರಿಕೆ ಈಗ ಪ್ಯಾನೆಲ್ ಮೇಲೆ ಕೂತು ಡೌನ್‌ಪೈಪಿನ ಕಡೆ ಹರಿಯುತ್ತಿರಬಹುದು. ಎರಡು ಸೆಷನ್‌ಗೊಮ್ಮೆ ಪ್ಯಾನೆಲ್ ಬಿಚ್ಚಿ ಒರೆಸಿ, ಒರೆಸಿದ ಬಟ್ಟೆಯನ್ನು ಮೂಸಿ ನೋಡಿ: ಎಂಜಿನ್ ಆಯಿಲ್, ಪೆಟ್ರೋಲ್, ಕೂಲೆಂಟ್ ಮೂರರ ವಾಸನೆಯೂ ಬೇರೆ ಬೇರೆ.